ಬಾಣಂತಿಯ ತುಪ್ಪ

ಮೆಂತ್ಯದ ಸೊಪ್ಪಿನ ಕಹಿ ವಾಸನೆ ಮೂಗಿಗೆ ಬಂದರೆ ಈಗಲೂ ನನಗೆ ಮೆಹದಿಪಟ್ಟಣಂ ಮನೆಯ ಒಂದು ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ವಾರವೆಲ್ಲ ಸರಕಾರಿ ಕಚೇರಿಗೆ ಹೋಗಿ, ಭಾನುವಾರ ಮಾತ್ರ ಕಾದಂಬರಿ ಬರೆಯುತ್ತಿದ್ದಳು. ಓಣಿಯಲ್ಲೆಲ್ಲ ತೆಲುಗು, ಉರ್ದು ಮಾತಾಡುವವರು. ಹಾಗಾಗಿ ಬರೆದದ್ದನ್ನು ಓದಿ ಹೇಳಲು ಅವಳಿಗೆ ಸಿಗುತ್ತಿದ್ದವಳು ಅಜ್ಜಿ, ಅಂದರೆ ಅವಳ ಅತ್ತೆ, ಒಬ್ಬಳೇ. ಅಂದು ಓದಿದ ಅಧ್ಯಾಯದಲ್ಲಿ ಒಬ್ಬ ಅತ್ತೆ ಬಾಣಂತಿ ಸೊಸೆಗೆ ತುಪ್ಪವಿಲ್ಲದ ಅನ್ನ ಬಡಿಸುತ್ತಿದ್ದಳು.

ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಬೆರಳುಗಳು ನಿಂತವು. "ಆ ಅತ್ತಿ ನಾನಽ ಹೌದಲ್ಲ?"

ಅವ್ವ ಪೆನ್ನಿನ ಮುಚ್ಚಳ ತಿರುವುತ್ತ ಕೂತಳು.

"ಇರ್ಲಿ ಬಿಡು. ಆದ್ರ ಆಕಿ ತುಪ್ಪ ಯಾಕ ಬಡಿಸಲಿಲ್ಲ ಅಂತ ನೀ ಬರದಽ ಇಲ್ಲಲ್ಲ."

"ನನಗೇನು ಗೊತ್ರಿ ಅತ್ತಿ? ನೀವು ಎಂದೂ ಹೇಳಿಲ್ಲ."

"ನೀ ಎಂದ ಕೇಳಿದ್ದಿ?"

ಅವ್ವ ಕುರ್ಚಿ ಬಿಟ್ಟು ಅಜ್ಜಿಯ ಎದುರು ನೆಲದ ಮೇಲೆ ಕೂತಳು. "ಈಗ ಕೇಳಾಕತ್ತೀನಿ, ಹೇಳ್ರಿ" ಅಂದಳು. ಅಜ್ಜಿ ನನ್ನ ಕಡೆ ತಿರುಗಿ, "ನೀ ಹೊರಗ ಆಡಾಕ ಹೋಗು" ಅಂದಳು.

ನಾನು ಮರಳಿ ಬಂದಾಗ ಇಬ್ಬರೂ ಕೂಡಿ ಸೊಪ್ಪು ಬಿಡಿಸುತ್ತಿದ್ದರು. ಅವ್ವನ ಕಣ್ಣುಗಳು ಕೆಂಪಾಗಿದ್ದವು.

ಮುಂದೆ ಆ ಕಾದಂಬರಿ ಅಚ್ಚಾಯಿತು. ಆ ಅಧ್ಯಾಯ ಅದರಲ್ಲಿಲ್ಲ.