ಎರಡು ದೇಶಗಳ ಭಾನುವಾರ

"ಎದುರು ಲಾಂಡ್ರಿಯವನು ಭಾನುವಾರ ಮುಚ್ಚಲಿ, ಆ ಕ್ಷಣವೇ ನಾನೂ ಮುಚ್ತೀನಿ" ಎಂದು ದಪ್ಪ ಮಾಲೀಕ ನೂರೊಂದನೇ ಸಲ ಹೇಳಿದಾಗ, ಇಸ್ತ್ರಿಯವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನದೇ ಅಂಗಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅಂಗಿಯ ಕಥೆ ಮುಗಿಯುತ್ತಿತ್ತು.

ಅವನ ಮಾತಿನಲ್ಲೂ ಹುರುಳಿತ್ತು ಅನ್ನಿ. ಬೀದಿಯ ನಡುವೆ ಬಳಿದ ಬಿಳಿ ಗೆರೆಯೇ ಎರಡು ದೇಶಗಳ ಗಡಿ. ಈಚೆ ಒಂದು ಸರ್ಕಾರ, ಒಂದು ಲಾಂಡ್ರಿ. ಆಚೆ ಇನ್ನೊಂದು ಸರ್ಕಾರ, ಇನ್ನೊಂದು ಲಾಂಡ್ರಿ. ಇವನು ರಜೆ ಕೊಟ್ಟರೆ ಗಿರಾಕಿಗಳು ಬಟ್ಟೆಗಂಟು ಹೊತ್ತು ಹತ್ತು ಹೆಜ್ಜೆ ದಾಟುತ್ತಾರೆ, ಅಷ್ಟೇ. ಆದರೆ ಇಸ್ತ್ರಿಯವಳಿಗೆ ನಾಲ್ಕು ವರ್ಷದ ಮಗಳಿದ್ದಳು. ಎರಡು ವರ್ಷದಿಂದ, ವಾರದ ಏಳು ದಿನವೂ, ಮಗು ಏಳುವ ಮೊದಲೇ ಹೊರಟು ಮಲಗಿದ ಮೇಲೆ ಮನೆ ಸೇರುವ ತಾಯಿ ಅವಳು. ಮಗಳ ತುಂಟಾಟವನ್ನೆಲ್ಲ ಅತ್ತೆಯ ಬಾಯಿಂದಲೇ ಕೇಳಬೇಕಿತ್ತು. ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು.

ಮಧ್ಯಾಹ್ನ ಗೆರೆ ದಾಟಿ ಎದುರು ಲಾಂಡ್ರಿಯ ಇಸ್ತ್ರಿಯವಳನ್ನು ಕೇಳಿದಳು: "ಅಕ್ಕಾ, ನಿಮ್ಮ ಓನರ್ರು ಏನಂತಾರೆ?"

"ಇನ್ನೇನಂತಾರೆ? ಆ ದಪ್ಪ ಮೊದಲು ಮುಚ್ಚಲಿ ಅಂತಾರೆ!"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಮರುದಿನ ಇಬ್ಬರೂ ಮಾತಾಡಿಕೊಂಡಂತೆ ಕೆಲಸ ನಿಲ್ಲಿಸಿದರು; ಎರಡೂ ಕಡೆ ಇಸ್ತ್ರಿಪೆಟ್ಟಿಗೆಗಳು ತಣ್ಣಗೆ ಕೂತವು. ಈಚೆಯ ಗಿರಾಕಿ ಆಚೆ ಓಡಿದ, ಆಚೆಯವನು ಈಚೆ ಓಡಿಬಂದ. ನಡುವೆ ಇಬ್ಬರೂ ಡಿಕ್ಕಿ ಹೊಡೆದರು. ಹತ್ತು ಗಂಟೆಗೆಲ್ಲ ದಪ್ಪ ಮಾಲೀಕನೂ ಎದುರಿನ ಸಣಕಲ ಮಾಲೀಕನೂ ಹೆಂಗಸರಿಬ್ಬರೂ ಗೆರೆಯ ಮೇಲೆ ತಂದಿಟ್ಟ ಇಸ್ತ್ರಿ ಮೇಜಿನ ಬಳಿ ಬಂದು ನಿಂತಿದ್ದರು. ಮೇಜಿನ ಎರಡು ಕಾಲು ಈ ದೇಶದಲ್ಲಿ, ಎರಡು ಆ ದೇಶದಲ್ಲಿ. ಮೇಲೊಂದು ಹಾಳೆ: ಭಾನುವಾರ ಎರಡೂ ಅಂಗಡಿಗೆ ರಜೆ.

"ಮೊದಲು ಅವನು ಸಹಿ ಹಾಕ್ಲಿ" ಎಂದ ದಪ್ಪ.

"ನಾನೇನು ದಡ್ಡನಾ?" ಎಂದ ಸಣಕಲ.

"ಒಂದು, ಎರಡು, ಮೂರು ಅಂತೀನಿ. ಇಬ್ರೂ ಒಟ್ಟಿಗೆ ಹಾಕಿ" ಎಂದಳು ಇಸ್ತ್ರಿಯವಳು. ಮೂರು ಎಂದರೂ ಎರಡು ಪೆನ್ನುಗಳೂ ಗಾಳಿಯಲ್ಲೇ ಉಳಿದವು. ನಾಲ್ಕನೇ ಸಲ ಎಣಿಸಿದಾಗ, ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಲೇ ಹೇಗೋ ಸಹಿ ಹಾಕಿದರು.

ಭಾನುವಾರ ಇಸ್ತ್ರಿಯವಳು ಮಗಳ ಕೈ ಹಿಡಿದು ಅದೇ ಬೀದಿಗೆ ತಿರುಗಾಡಲು ಬಂದಳು. ಮಗಳು ಇಂಥ ಮಾತಿನ ಮಲ್ಲಿ ಎಂದು ಅವಳಿಗೆ ಗೊತ್ತಾದದ್ದೇ ಅವತ್ತು. ಖುಷಿಗೆ ಕಣ್ಣು ತುಂಬಿತು. ಎರಡೂ ಅಂಗಡಿಗಳ ಷಟರ್ ಗೇಣುದ್ದ ಮಾತ್ರ ಎದ್ದಿತ್ತು. ಒಳಗೆ ನೆಲಕ್ಕೆ ಗಲ್ಲ ಹಚ್ಚಿ ಮಲಗಿದ್ದ ದಪ್ಪನೂ ಸಣಕಲನೂ, ಎದುರಿನವನು ಎಲ್ಲಿ ಬಾಗಿಲು ತೆಗೆದುಬಿಡುತ್ತಾನೋ ಎಂದು ಬೆಳಗಿನಿಂದ ಕಣ್ಣು ಮಿಟುಕಿಸದೆ ಕಾಯುತ್ತಿದ್ದರು.

ಮಗಳು ಬಗ್ಗಿ ಎರಡೂ ಕಡೆ ನೋಡಿದಳು. "ಅಮ್ಮಾ, ಪಾಪ, ಇವರಿಗೆ ರಜೆ ಕೊಡೋರು ಯಾರೂ ಇಲ್ವಾ?"