ಫಕ್ಕೀರಪ್ಪನ ಡ್ರೆಸ್

ದುಂಡಸಿಯಲ್ಲಿ ಬಸ್ ಇಳಿದು ಫಕ್ಕೀರಪ್ಪನ ಓಣಿಗೆ ತಿರುಗುತ್ತಿದ್ದಂತೆ ರಾಜಕುಮಾರನ ಹೆಜ್ಜೆ ನಿಧಾನವಾಯಿತು. ಹೋಮ್‌ಗಾರ್ಡ್ ಫಕ್ಕೀರಪ್ಪನಿಗೆ ಕೊಟ್ಟಿದ್ದ ಸಮವಸ್ತ್ರವನ್ನು ವಾಪಸ್ ತರಬೇಕಿತ್ತು. ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದ. "ಆ ಮನಿ ನೋಡಿದಾಂವ ನೀನೊಬ್ಬನ. ನೀನ ಹೋಗಿ ಬಾ" ಎಂದು ಠಾಣೆಯಲ್ಲಿ ರಾಜಕುಮಾರನನ್ನೇ ಕಳಿಸಿದ್ದರು. ಬೇಕೆಂದೇ ಅವನು ಖಾಕಿ ತೊಡದೆ ಬಂದಿದ್ದ.

ಚಳಿಗಾಲದಲ್ಲಿ ಶಿಗ್ಗಾವಿ ಹತ್ತಿರ ಹೆದ್ದಾರಿಯ ಬ್ಯಾರಿಕೇಡಿಗೆ ಲಾರಿಯೊಂದು ನುಗ್ಗಿದಾಗ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಕಾನ್ಸ್‌ಟೇಬಲ್ ರಾಜಕುಮಾರನ ಭುಜ ಮುರಿಯಿತು. ಫಕ್ಕೀರಪ್ಪನ ಬಲಗಾಲು ಜಜ್ಜಿಹೋಯಿತು. ಒಂದೇ ಆಂಬುಲೆನ್ಸಿನಲ್ಲಿ ಇಬ್ಬರನ್ನೂ ಹಾಕಿಕೊಂಡು ಹೊರಟವನು, "ಇಬ್ರಾಗ ಪೊಲೀಸ್ ಯಾರ್ರಿ?" ಎಂದು ಕೇಳಿದ್ದ. ಇಬ್ಬರ ಮೈಮೇಲೂ ಖಾಕಿಯೇ ಇತ್ತು. ಫಕ್ಕೀರಪ್ಪ ಮಲಗಿದಲ್ಲಿಂದಲೇ ಬೆರಳು ಮಾಡಿ ತೋರಿಸಿದ್ದ. "ಅವ್ರು. ಸಾಹೇಬ್ರು."

ಇಲಾಖೆಯ ಕಾರ್ಡಿನ ಮೇಲೆ ರಾಜಕುಮಾರ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆ ಸೇರಿದ. ರಜೆಯಲ್ಲಿದ್ದರೂ ಪಗಾರ ನಿಲ್ಲಲಿಲ್ಲ. ಮಲಗಿದ್ದಾಗಲೇ ಹೆಡ್ ಕಾನ್ಸ್‌ಟೇಬಲ್ ಬಡ್ತಿಯೂ ಬಂತು. ಭುಜ ಇನ್ನೂ ಪೂರ್ತಿ ಕೂಡಿಲ್ಲವೆಂದು ಈಗ ಠಾಣೆಯೊಳಗೆ ಕುಳಿತು ಮಾಡುವ ಕೆಲಸ ಕೊಟ್ಟಿದ್ದರು. ಫಕ್ಕೀರಪ್ಪನದು ದಿನದ ಲೆಕ್ಕ. ನಿಂತ ದಿನಕ್ಕೆ ಭತ್ಯೆ, ನಿಲ್ಲದ ದಿನಕ್ಕೆ ಏನೂ ಇಲ್ಲ. ಸರ್ಕಾರಿ ದವಾಖಾನೆಯಲ್ಲಿ ಅವನ ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದಿದ್ದರು. ಕೇಳಿದವರಿಗೆಲ್ಲ ಠಾಣೆಯವರು, ಪರಿಹಾರದ ಅರ್ಜಿ ಮೇಲೆ ಹೋಗಿದೆ ಎನ್ನುತ್ತಿದ್ದರು.

ಫಕ್ಕೀರಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಅನ್ನವ್ವ ಕೂಲಿಗೆ ತಂದ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ರಾಜಕುಮಾರನನ್ನು ಕಂಡದ್ದೇ ಫಕ್ಕೀರಪ್ಪ ಊರುಗೋಲಿಗೆ ಕೈ ಹಾಕಿ ಏಳಲು ನೋಡಿದ. ವಯಸ್ಸಿನಲ್ಲಿ ಹಿರಿಯನಾದರೂ ಮೊದಲಿನಿಂದ ಅವನದು ಅದೇ ರೂಢಿ.

"ಏಳಬ್ಯಾಡೋ ಫಕ್ಕೀರಪ್ಪಣ್ಣ, ಕುಂದ್ರು."

"ಬರ್ರಿ ಸಾಹೇಬ್ರ. ತೋಳಿಗೆ ಹೆಡ್ ಕಾನ್ಸ್‌ಟೇಬಲ್ ಪಟ್ಟಿ ಬಂದಾವಂತಲ್ರಿ! ಡ್ರೆಸ್ ಹಾಕ್ಕೊಂಡು ಬರಬೇಕಿತ್ತು, ನೋಡ್ತಿದ್ದೆ." ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಪಗಾರಾನೂ ಏರ್ತಲ್ರಿ?"

"ಏರ್ತು, ಸ್ವಲ್ಪ."

"ಏರಬೇಕ್ರಿ. ನಿಮ್ಮ ಭುಜಾ ಹೆಂಗೈತಿ?"

ತನ್ನ ಭುಜದ ಮಾತು ಆಡುವುದು ರಾಜಕುಮಾರನಿಗೆ ನಾಚಿಕೆ ತಂದಿತು. ಅನ್ನವ್ವ ತಲೆ ಎತ್ತದೆ ಕೇಳಿದಳು, "ಇವ್ರ ಡ್ಯೂಟಿದು ಏನಾತ್ರಿ? ಕುಂತಲ್ಲೆ ಮಾಡೂವಂಥದ್ದು ಏನರ ಕೊಡ್ತಾರೇನ್ರಿ, ನಿಮಗ ಕೊಟ್ಟಾರಲ್ಲ, ಹಂಗ?"

"ಫೋನ್ ಹಿಡೀತೇನ್ರಿ," ಫಕ್ಕೀರಪ್ಪ ನಡುವೆ ಬಾಯಿ ಹಾಕಿದ. "ಬಂದವರನ್ನ ಕುಂದ್ರಸ್ತೇನಿ. ಅದಕ್ಕ ಕಾಲು ಯಾಕ ಬೇಕ್ರಿ?"

ರಾಜಕುಮಾರ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಬಿಚ್ಚಿಹೋದವು. "ನಿನ್ನ ಡ್ರೆಸ್ ಕೇಳ್ಯಾರೋ ಅಣ್ಣ" ಎಂದಷ್ಟೇ ಹೇಳಿದ.

ಫಕ್ಕೀರಪ್ಪನ ಕಣ್ಣುಗಳು ಅರಳಿದವು. "ತಯಾರ ಐತ್ರಿ! ಏ ಇಕಿನ, ಡ್ರೆಸ್ ತಾ. ಸಾಹೇಬ್ರಿಗೆ ತೋರ್ಸು."

ಅನ್ನವ್ವ ಮೆಣಸಿನಕಾಯಿಯ ಕೈಯನ್ನು ಎರಡು ಸಲ ತೊಳೆದು, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಇಸ್ತ್ರಿ ಮಾಡಿದ ಅಂಗಿ, ಬೆಲ್ಟು, ಟೋಪಿ ತಂದು ಕಟ್ಟೆಯ ಮೇಲಿಟ್ಟಳು. ಲಾರಿ ನುಗ್ಗಿದ ದಿನ ಮನೆಯಲ್ಲೇ ಉಳಿದಿದ್ದ ಎರಡನೇ ಜೊತೆಯ ಪ್ಯಾಂಟನ್ನು ಫಕ್ಕೀರಪ್ಪ ತಾನೇ ಬಿಡಿಸಿ ಹಿಡಿದ. ಅದರ ಎಡಗಾಲು ಉದ್ದಕ್ಕೆ ಇಳಿಬಿದ್ದಿತ್ತು. ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿ, ಅಂಚು ಮಡಚಿ ನೀಟಾಗಿ ಹೊಲಿದಿದ್ದರು.

"ಟೇಲರ್ ಲಾಲಬಿ ಕಡೆ ಹೊಲಿಸೇನ್ರಿ. ಗಾಳಿಗೆ ಪಟಪಟ ಅಂದ್ರ ಮಂದಿ ಮುಂದ ಚಂದ ಕಾಣಂಗಿಲ್ಲ. ಈಗ ಬರೋಬ್ಬರಿ ಕುಂದ್ರತೈತಿ. ಯಾವತ್ತಿನಿಂದ ಬರ್ಲಿ?"

ರಾಜಕುಮಾರ ನೆಲ ನೋಡಿದ. "ಬರೂದಲ್ಲೋ ಅಣ್ಣ... ವಾಪಸ್ ಕೇಳ್ಯಾರ."

ಫಕ್ಕೀರಪ್ಪ ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು, ಇಸ್ತ್ರಿಯ ಗೆರೆ ಕೆಡದಂತೆ ಮಡಚತೊಡಗಿದ. ಬಲಗಾಲಿನ ಕಡೆ ಮಡಚುವುದು ಹೇಗೆಂದು ತಿಳಿಯದೆ ಎರಡು ಸಲ ಬಿಚ್ಚಿದ.

"ಮ್ಯಾಲಿನವ್ರು ಹೇಳಿದ್ದು ಕೇಳಬೇಕಲ್ರಿ," ಎಂದ. "ನೀವರ ಏನ್ ಮಾಡ್ತೀರಿ. ಚಾ ಕುಡದು ಹೋಗ್ರಿ."

"ಬ್ಯಾಡೋ ಅಣ್ಣ."

ರಾಜಕುಮಾರ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಓಣಿಗೆ ಇಳಿದ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನಿಂದ "ನಿಂದರ್ರಿ" ಎಂಬ ದನಿ ಕೇಳಿತು. ಅನ್ನವ್ವ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಅವಳು ಬೈಯಲಿ, ಎರಡು ಮಾತು ಜೋರಾಗಿಯೇ ಅನ್ನಲಿ ಎಂದು ರಾಜಕುಮಾರ ನಿಂತ.

ಅವಳು ಬೈಯಲಿಲ್ಲ. ಸೆರಗಿನೊಳಗಿಂದ ಕತ್ತರಿಸಿ ತೆಗೆದಿದ್ದ ಖಾಕಿಯ ತುಂಡನ್ನು ಹೊರತೆಗೆದು ಅವನ ಚೀಲದ ಮೇಲಿಟ್ಟಳು.

"ಇದನ್ನೂ ಕೊಟ್ಟುಬಿಡ್ರಿ. ಸರಕಾರಿ ಅರಿವಿ ಕತ್ತರಿಸಿದ್ದಕ್ಕ ಅವ್ರನ್ನ ಯಾರೂ ಬೈಬಾರ್ದು."