ಎಂಬತ್ತು ಡಿಗ್ರಿಯ ಬಾಟಲಿ

ಬಾವಿಯಿಂದ ಬರುವ ಕಚ್ಚಾ ಎಣ್ಣೆ ಕೊಳೆತ ಮೊಟ್ಟೆಯಂತೆ ನಾರತೊಡಗಿದಾಗ ಎಂಜಿನಿಯರ್ ಬೆರಳು ತೋರಿಸಿದ್ದು ಫಿಲ್ಟರ್ ಮಾಮನ ಕಡೆಗೆ. ಎಣ್ಣೆಯನ್ನು ಮೇಲಕ್ಕೆ ತಳ್ಳಲು ಬಾವಿಗೆ ಬಿಡುವ ಹೊಳೆನೀರನ್ನು ಸೋಸುವವನು ಅವನೇ. ನೀನು ಸರಿಯಾಗಿ ಸೋಸಿಲ್ಲ, ಹೊಳೆಯ ಬ್ಯಾಕ್ಟೀರಿಯಾ ಕೆಳಗಿಳಿದಿವೆ, ಅಲ್ಲವೆಂದು ಹತ್ತು ದಿನದಲ್ಲಿ ತೋರಿಸದಿದ್ದರೆ ಮನೆಗೆ ಹೊರಡು ಎಂದುಬಿಟ್ಟ. ಮಾಮನ ನಿವೃತ್ತಿಗೆ ಇನ್ನೆರಡೇ ವರ್ಷ ಬಾಕಿ.

ಲ್ಯಾಬಿನ ಹುಡುಗಿ ಬಾವಿಯ ತಳದ ನೀರನ್ನು ಎರಡು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದಳು. ಒಂದನ್ನು ಹೊಳೆಯಷ್ಟೇ ತಂಪಿರುವ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಎಂಬತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ ಇಟ್ಟಳು. ಈ ನಾತ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆದರೆ ನೀರು ಕಪ್ಪಾಗುತ್ತದೆ. ಹೊಳೆಯಿಂದ ಬಂದವಾದರೆ ತಣ್ಣನೆಯದು ಕಪ್ಪಾಗುತ್ತದೆ. ಎರಡು ಕಿಲೋಮೀಟರು ಕೆಳಗಿನ ಬಿಸಿ ಬಂಡೆಯಲ್ಲೇ ಲಕ್ಷಾಂತರ ವರ್ಷದಿಂದ ಸಂಸಾರ ಹೂಡಿದವಾದರೆ, ಬಿಸಿಯದು.

ಐದು ದಿನ ಕಳೆದರೂ ಎರಡೂ ತಿಳಿಯಾಗಿಯೇ ಇದ್ದವು. ಆರನೆಯ ಬೆಳಿಗ್ಗೆ ಅವಳು ಬಿಸಿ ಪೆಟ್ಟಿಗೆ ತಾನೇ ಬರೆದಿಡುವ ಉಷ್ಣತೆಯ ಗೆರೆಯ ಕಾಗದವನ್ನು ಬಿಡಿಸಿ ನೋಡಿದಳು. ದಿನಾ ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಗೆರೆ ಹಳ್ಳಕ್ಕೆ ಬಿದ್ದಂತೆ ಇಳಿದಿತ್ತು. ಎರಡೂ ಅವಳು ಚಹಾಕ್ಕೆ ಹೋಗುವ ಹೊತ್ತು.

ಅಂದು ಅವಳು ಹೋಗಲಿಲ್ಲ. ಹನ್ನೊಂದಕ್ಕೆ ಮೆಲ್ಲಗೆ ಒಳಬಂದ ಮಾಮ ಅವಳನ್ನು ಕಂಡು ಅಲ್ಲೇ ನಿಂತ.

"ಬಾಟಲಿ ಹೊರಗೆ ತೆಗೀತಿದ್ರಾ ಮಾಮ?"

"ಕಿಟಕಿ ಹತ್ರ ಹಿಡಿದು ನೋಡ್ತಿದ್ದೆ ಕಣಮ್ಮ. ಇಪ್ಪತ್ತಾರು ವರ್ಷದಿಂದ ನೀರನ್ನ ಬೆಳಕಿಗೆ ಹಿಡಿದೇ ಅಲ್ವಾ ನಾನು ನೋಡಿರೋದು."

"ಅಷ್ಟು ಬಿಸೀದನ್ನ ಹೇಗೆ ಹಿಡಿದ್ರಿ?"

"ಆರಿಸ್ಕೊಂಡು."

ಅವಳು ಹಣೆಗೆ ಕೈಯಿಟ್ಟುಕೊಂಡು ಕೂತಳು. ನಮಗೆ ಸುಡುಬಿಸಿಯಾದದ್ದೇ ಬಂಡೆಯ ಬ್ಯಾಕ್ಟೀರಿಯಾಕ್ಕೆ ಬೆಚ್ಚನೆಯ ಹಾಸಿಗೆ, ತಣ್ಣಗಾದರೆ ಮುದುಡಿ ಮಲಗಿಬಿಡುತ್ತವೆ ಎಂದು ಬಿಡಿಸಿ ಹೇಳಿದಳು. ಅಜ್ಜಿಯ ಕಥೆಯಲ್ಲಿ ನೆಲದಡಿಯ ಊರಿನವರು ಇರುತ್ತಾರಲ್ಲ, ಹಾಗೆ. ನಮ್ಮ ಬೆಳಕು ಅವಕ್ಕೆ ಬೇಕಿಲ್ಲ. ಮಾಮ ಅಂದಿನಿಂದ ಚಹಾದ ಹೊತ್ತಿಗೆಲ್ಲ ಬಂದು ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತ. ಯಾರನ್ನೂ ಹತ್ತಿರ ಬಿಡಲಿಲ್ಲ.

ಹತ್ತನೆಯ ಮಧ್ಯಾಹ್ನ ಎಂಜಿನಿಯರ್ ಎದುರಿಗೇ ಅವಳು ಪೆಟ್ಟಿಗೆಗಳ ಬಾಗಿಲು ತೆಗೆದಳು. ತಣ್ಣನೆಯ ಬಾಟಲಿ ಇಟ್ಟಂತೆಯೇ ಇತ್ತು. ಬಿಸಿಯದು ಮಸಿ ಕುಡಿದಂತೆ ಕಪ್ಪಾಗಿತ್ತು. ಎಂಜಿನಿಯರ್ ಅದನ್ನೇ ನೋಡಿದ, ಅವಳು ಬರೆದ ವರದಿಯನ್ನು ಸಾಲು ಸಾಲಾಗಿ ಓದಿದ, ಪೆನ್ನಿಗಾಗಿ ಎಲ್ಲ ಜೇಬು ತಡಕಿದ, ಕೊನೆಗೆ ಸಹಿ ಹಾಕಿದ.

ಮಾಮ ಕಾಗದದ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಬಿರುಬೇಸಗೆಯಲ್ಲಿ ಕೆಲಸದ ಕೋಟು ಬಿಚ್ಚಿ, ಬಾಟಲಿಗೆ ಕುತ್ತಿಗೆಯವರೆಗೂ ಸುತ್ತಿ, ಎದೆಗವಚಿಕೊಂಡು ನಿಂತಿದ್ದ.

"ಆಯ್ತಾ ಸಾರ್? ಒಳಗಿಡ್ತೀನಿ. ಪಾಪ, ಚಳಿ ಅವಕ್ಕೆ."